ಫೋಟೋದಲ್ಲಿ ನಕ್ಕಿದ್ದೀರಲ್ಲ, ಮತ್ತೇನು ದೂರು?

ಬೈಕ್ ಕಂಪನಿಯ ಮಾನ್ಯ ವಲಯ ವ್ಯವಸ್ಥಾಪಕರೇ,

ಅಪಘಾತವಾದ ನನ್ನ ಬೈಕನ್ನು ಹೊಳಲ್ಕೆರೆಯ ನಿಮ್ಮ ಅಧಿಕೃತ ಸೇವಾ ಕೇಂದ್ರದವರು ರಿಪೇರಿ ಮಾಡಲಿಲ್ಲ. ಒರೆಸಿ, ಹೊಳಪು ಕೊಟ್ಟು, ಹಾರ ಹಾಕಿ ಒಪ್ಪಿಸಿದರು. ಅದರಿಂದ ನನ್ನ ಹೆಂಡತಿಯ ಬಲಗೈ ಮುರಿದಿದೆ. ದೂರು ಕೊಡಲು ಹೋದರೆ, ನಾನು ಫೋಟೋದಲ್ಲಿ ನಕ್ಕಿದ್ದೇನೆಂದು ದೂರನ್ನೇ ತೆಗೆದುಕೊಂಡಿಲ್ಲ. ತಮಾಷೆಯಲ್ಲ ಸ್ವಾಮಿ, ಪೂರ್ತಿ ಓದಿ.

ನಾನು, ನನ್ನ ಹೆಂಡತಿ ತಾಜ್ ಬೀ ಬಳೆ ಮಾರುವವರು. ಗಾಡಿ ಓಡಿಸುವುದು ನಾನು, ಬಳೆ ತೊಡಿಸುವುದು ಅವಳು. ಚಿಕ್ಕಜಾಜೂರಿನಿಂದ ರಾಮಗಿರಿವರೆಗೆ ಹೆಂಗಸರು ಕೈ ಕೊಡುವುದು ಅವಳಿಗೇ. ಎಷ್ಟೇ ಬಿಗಿ ಬಳೆಯಿರಲಿ, ಮಾತಾಡಿಸುತ್ತಲೇ ಅಂಗೈ ಅದುಮಿ ನೋವಾಗದಂತೆ ಏರಿಸಿಬಿಡುತ್ತಾಳೆ. ಹೋದ ತಿಂಗಳು ನಾನೊಬ್ಬನೇ ಹೋಗುವಾಗ ಟ್ರ್ಯಾಕ್ಟರೊಂದು ಅಡ್ಡ ಬಂದು, ಗುದ್ದಿ, ಬೈಕಿನ ಮುಂಭಾಗ ಸೊಟ್ಟಗಾಯಿತು. ಬೀದಿ ಬದಿಯ ಮೆಕ್ಯಾನಿಕ್ ಬೇಡ, ಕಂಪನಿಯವರಾದರೆ ಅಚ್ಚುಕಟ್ಟು ಎಂದು ನಿಮ್ಮಲ್ಲಿಗೆ ತಂದೆ. ನನ್ನ ಬುದ್ಧಿಗೆ ಮಂಕು ಬಡಿದಿತ್ತು.

ಗಾಡಿ ಕೊಡುವ ದಿನದ ವೈಭವ ನೋಡಬೇಕಿತ್ತು! ಚಕ್ರದಡಿ ನಿಂಬೆಹಣ್ಣು, ನನ್ನ ಕೈಗೆ ರಟ್ಟಿನ ದೊಡ್ಡ ಕೀಲಿಕೈ, ಬಾಯಿಗೆ ಲಾಡು. "ನಗ್ರಿ ಸಾರ್, ಫೋಟೋ ಕಂಪನಿಗೆ ಹೋಗ್ತೈತೆ" ಎಂದರು ಅಲ್ಲಿನ ಮೇಲ್ವಿಚಾರಕ ರಂಗೇಶ್. ಬಾಯಿಗೆ ಸಿಹಿ ಇಟ್ಟವರೆದುರು ಮುಖ ಗಂಟಿಕ್ಕುವುದು ನಮ್ಮ ಸೀಮೆಯ ಪದ್ಧತಿಯಲ್ಲ. ನಕ್ಕೆ. ಆಗಿನ್ನೂ ಗಾಡಿ ಸ್ಟಾರ್ಟೇ ಮಾಡಿರಲಿಲ್ಲ. ಬಸ್ ಸ್ಟ್ಯಾಂಡ್ ದಾಟುವಷ್ಟರಲ್ಲಿ ಅದು ಎಡಕ್ಕೆ ಎಳೆಯತೊಡಗಿತು. ಅಲ್ಲಿಂದಲೇ ವಾಪಸು ತಂದೆ. "ಹೊಸ ಸಾಮಾನು ಹಾಕೀವಿ ಸಾರ್, ಓಡಿಸ್ತಾ ಓಡಿಸ್ತಾ ಸರಿ ಹೋಗ್ತೈತೆ. ಅಲ್ಲೀಗಂಟ ಸ್ವಲ್ಪ ಬಲಕ್ಕೆ ಹಿಡ್ಕಳ್ರಿ" ಎಂದರು. ಅಲ್ಲಾ ಮಾನ್ಯರೇ, ಗಾಡಿ ಸೊಟ್ಟಗಿದ್ದರೆ ನೆಟ್ಟಗಾಗಬೇಕಾದವನು ನಾನೋ?

ಅವರ ಮಾತು ನಂಬಿ, ತಾಜ್ ಬೀಯನ್ನೂ ನಂಬಿಸಿ ಹಿಂದೆ ಕೂರಿಸಿಕೊಂಡೆ. ರಾಮಗಿರಿ ರಸ್ತೆಯಲ್ಲಿ ಕುರಿಹಿಂಡು ಅಡ್ಡ ಬಂತು. ಬ್ರೇಕ್ ಹಿಡಿದದ್ದೇ ತಡ, ಗಾಡಿ ಎಡಕ್ಕೆ ಹೊರಳಿ ಚರಂಡಿಗೆ ಬಿತ್ತು. ಅವಳ ಮಣಿಕಟ್ಟು ಮುರಿಯಿತು. ಬೆರಳುಗಳು ಮೊದಲಿನಂತೆ ಮಡಚುತ್ತವೆಯೋ ಇಲ್ಲವೋ, ಡಾಕ್ಟರಿಗೂ ಖಾತ್ರಿಯಿಲ್ಲ.

ಕೇಳಲು ಹೋದರೆ ರಂಗೇಶ್ ಗೋಡೆಯ ಮೇಲಿದ್ದ ನನ್ನ ಫೋಟೋ ತೋರಿಸಿದರು. ಕೆಳಗೆ 'ಸಂತೃಪ್ತ ಗ್ರಾಹಕ' ಎಂದಿತ್ತು. "ತೃಪ್ತಿ ಆಗ್ದೆ ಯಾರಾದ್ರೂ ಹಿಂಗೆ ನಗ್ತಾರಾ ಸಾರ್?" ಭಲೇ! ಮದುವೆ ಫೋಟೋದಲ್ಲಿ ನಕ್ಕವರೆಲ್ಲ ಸುಖವಾಗಿದ್ದರೆ ಈ ದೇಶಕ್ಕೆ ಕೋರ್ಟುಗಳೇಕೆ ಬೇಕು? ಇನ್ನು ಮೇಲೆ ನಿಮ್ಮಲ್ಲಿಗೆ ಬರುವವರು ಅತ್ತು ಫೋಟೋ ತೆಗೆಸಿಕೊಳ್ಳಬೇಕೇನು? ಹೊಟ್ಟೆ ಉರಿಯುತ್ತದೆ ಸ್ವಾಮಿ.

ಮೊನ್ನೆ ರಾಮಗಿರಿಗೆ ಬಸ್ಸಿನಲ್ಲಿ ಒಬ್ಬನೇ ಹೋದೆ. ಅಲ್ಲಿನ ನಮ್ಮ ಹಳೇ ಗಿರಾಕಿ ರಂಗಕ್ಕನ ಮಗಳಿಗೆ ಸೀಮಂತದ ಬಳೆ ಬೇಕಿತ್ತು. ನನ್ನ ಹಿಂದೆ ಯಾರೂ ಇಲ್ಲದ್ದು ನೋಡಿ ರಂಗಕ್ಕ, "ತಾಜಕ್ಕನ ಕೈ ವಾಸಿ ಆಗ್ಲಿ ಕಣಪ್ಪ, ಕಾಯ್ತೀವಿ" ಎಂದರು. ಮನೆಗೆ ಬಂದು ಹೇಳಿದೆ. ತಾಜ್ ಬೀ ಗೋಡೆ ಕಡೆ ತಿರುಗಿಕೊಂಡು ಅತ್ತಳು. "ಕೈ ವಾಸಿಯಾದ್ರೂ ನಾನು ಆ ಗಾಡಿ ಹತ್ತಲ್ಲ" ಎಂದಳು.

ನನ್ನ ಬೇಡಿಕೆ ಇಷ್ಟು. ಆ ಫೋಟೋ ಇಳಿಸಿ, ದೂರು ತೆಗೆದುಕೊಳ್ಳಿ, ಗಾಡಿ ನೆಟ್ಟಗೆ ಮಾಡಿಸಿ. ಆಮೇಲೆ ನಿಮ್ಮ ಮನೆಯವರನ್ನು ಹಿಂದೆ ಕೂರಿಸಿಕೊಂಡು ನೀವೇ ಅದನ್ನು ನಮ್ಮ ಬಾಗಿಲಿಗೆ ಓಡಿಸಿಕೊಂಡು ಬನ್ನಿ. ನನಗೇನೂ ಹೇಳಬೇಡಿ. ತಾಜ್ ಬೀಗೆ ನಿಮ್ಮ ಮನೆಯವರೇ ಹೇಳಲಿ, "ಹತ್ತಮ್ಮ, ಹೆದರಬೇಡ" ಎಂದು. ನಾನು ಹೇಳಿದರೆ ಅವಳೀಗ ನಂಬುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ ಎಂದು ಬರೆಯಲು ಮನಸ್ಸು ಬಾರದ,
ಶೌಕತ್ ಅಲಿ
ಬಳೆ ವ್ಯಾಪಾರಿ, ಹೊಳಲ್ಕೆರೆ