ಬೂಟಿಲ್ಲದ ತಂಡ

ಇಂಡಿ, ೧೯೭೬

ತಮ್ಮಾ ಸಿದ್ರಾಮ,

ನಿನ್ನ ಹೆಸರಿನ ಫುಟ್‌ಬಾಲ್ ಕಪ್ಪಿಗೆ ಯಾವ ತಂಡಗಳನ್ನು ಸೇರಿಸಬೇಕೆಂದು ಇವತ್ತು ಸಭೆ ಕೂಡಿತ್ತು; ನಿನ್ನ ಅಕ್ಕನೆಂದು ನನ್ನನ್ನೂ ಕರೆದಿದ್ದರು. ಸಿಂದಗಿಯ ಹುಡುಗರಿಗೆ ಬೂಟಿಲ್ಲ, ಅವರು ಬೇಡ ಎಂದು ಅಧ್ಯಕ್ಷ ಮಲ್ಲಣ್ಣನವರು ಹಟ ಹಿಡಿದರು.

ಆ ತಂಡದ ನಾಯಕ ಸೋಮನಿಂಗ ಎದ್ದು ನಿಂತ. "ಕಪ್ಪಿನ ಮ್ಯಾಲ ಹೆಸರಿದ್ದಾವ್ರೂ ಬರಿಗಾಲಲ್ಲೇ ಆಡಿದ್ರಲ್ರಿ?"

"ಅದಕ್ಕ ಏನಾತು ಗೊತ್ತೈತಿಲ್ಲೋ ನಿನಗ?" ಎಂದರು ಮಲ್ಲಣ್ಣನವರು, ನನ್ನತ್ತ ನೋಡದೆ.

ಆಡುವಾಗ ಮುಳ್ಳು ನಟ್ಟು, ಧನುರ್ವಾಯುವಾಗಿ ನೀನು ಹೋದದ್ದು ಅಲ್ಲಿದ್ದವರಿಗೆಲ್ಲ ಗೊತ್ತು. ನಾನೇ ಹೇಳಿದೆ, "ಆಡ್ಲಿ. ಆದ್ರ ಎಲ್ಲಾ ತಂಡದಾವ್ರೂ ಮೊದ್ಲ ಧನುರ್ವಾಯು ಸೂಜಿ ಮಾಡಿಸ್ಕೊಂಡು ಬರ್ಲಿ."

"ಬೂಟಿದ್ದಾವ್ರಿಗ್ಯಾಕ್ರಿ ಸೂಜಿ, ಅಕ್ಕಾರ?" ಎಂದರು ಮಲ್ಲಣ್ಣನವರು. ಅವರ ಮಗ ಬೂಟು ಹಾಕಿ ಆಡುವವನು.

"ಕಾಯ್ದೆ ಅಂದ್ಮ್ಯಾಲ ಎಲ್ಲಾರ್ಗೂ ಒಂದ. ನಿಮ್ಮ ಮಗನೂ ಚುಚ್ಚಿಸ್ಕೊಳ್ಲಿ."

ಸೋಮನಿಂಗ ನಕ್ಕುಬಿಟ್ಟ. ಸಭೆ ಒಪ್ಪಿತು.

ಮನೆಗೆ ಬಂದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನ್ಯಾಯ ಮಾಡಿದೆನೋ, ಆ ಹುಡುಗರನ್ನೂ ಅದೇ ಮುಳ್ಳಿನ ಬಯಲಿಗೆ ಇಳಿಸಿದೆನೋ, ತಿಳಿಯುತ್ತಿಲ್ಲ. ಮುಳ್ಳು ನಟ್ಟ ಆ ಸಂಜೆ ಹಿತ್ತಲಲ್ಲಿ ಕಾಲು ತೊಳೆಯುತ್ತ ನೀನು, "ಏನಿಲ್ಲಕ್ಕಾ, ಬರೇ ಮುಳ್ಳು," ಅಂದಿದ್ದೆ. ನನ್ನ ಕೈಯಲ್ಲಿ ಕವಿತೆಯ ಪುಸ್ತಕವಿತ್ತು; ತಲೆ ಎತ್ತಿ ನಿನ್ನ ಕಾಲು ನೋಡಲಿಲ್ಲ.