ನಿನ್ನ ಭಾವನ ಪಾಲಿನ ಚುಟ್ಟಾ

ನವೆಂಬರ್ ೧೨, ಶುಕ್ರವಾರ

ಪ್ರೀತಿಯ ಗುಬ್ಬಿ,

ನೀನು ಬೈಯುವ ಮೊದಲು ನಾನೇ ಬೈದುಕೊಂಡುಬಿಡುತ್ತೇನೆ. ನಿನ್ನ ಎರಡು ಕಾಗದಗಳು ಬಂದು ಅಡುಗೆಮನೆಯ ಡಬ್ಬಗಳ ಹಿಂದೆ ಕೂತಿವೆ. ಸಕ್ಕರೆ ತೆಗೆಯಲು ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತವೆ, ಪ್ರತಿ ಸಲವೂ "ನಾಳೆ ಬರೀತೀನಿ ಕಣೇ" ಎಂದು ಅವುಗಳಿಗೇ ಹೇಳಿ ಡಬ್ಬ ಮುಚ್ಚುತ್ತೇನೆ. ಹಾಗಾದರೆ ಒಂದು ಫೋನ್ ಮಾಡಬಾರದಿತ್ತಾ ಎಂದು ನೀನು ಕೇಳೇ ಕೇಳುತ್ತೀಯ. ಈ ಮನೆಯಲ್ಲಿ ಫೋನ್ ಮಾಡುವುದೆಂದರೆ ನಿನ್ನ ಭಾವನ ಎದುರಿಗೆ ಮಾಡುವುದು. ಉಸಿರಿನ ಯಂತ್ರ ಹಗಲೂ ರಾತ್ರಿ ಗುರ್ ಎನ್ನುತ್ತಿದ್ದರೂ ಅವರ ಕಿವಿಗೆ ಮಾತ್ರ ಏನೂ ಆಗಿಲ್ಲ. "ಯಾರು, ಗುಬ್ಬೀನಾ? ಸ್ಪೀಕರಿಗೆ ಹಾಕು, ನಾನೂ ಕೇಳ್ತೀನಿ" ಅಂದುಬಿಡುತ್ತಾರೆ. ಆಮೇಲೆ ನಾವು ಮೂವರೂ ಸೇರಿ ಹವೆಯ ವಿಷಯ ಮಾತಾಡುತ್ತೇವೆ. ಅದಕ್ಕೇ ಕಾಗದ. ನರ್ಸಮ್ಮ ಅವರಿಗೆ ಸ್ನಾನ ಮಾಡಿಸುತ್ತಿದ್ದಾಳೆ, ನಾನು ಒಲೆಯ ಪಕ್ಕದ ಕಟ್ಟೆಯ ಮೇಲೆ ಕಾಗದವಿಟ್ಟು ನಿಂತೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಿನ್ನ ಹೊಸ ಮನೆಯ ವಿಷಯ ಓದಿ ಹೊಟ್ಟೆ ತುಂಬಿತು. ಕಿಟಕಿ ತೆಗೆದರೆ ಮರ ಕಾಣುವ ಕೋಣೆಯನ್ನು ನನಗೆಂದೇ ಖಾಲಿ ಇಟ್ಟಿದ್ದೀಯಂತೆ, ಚಳಿಗಾಲ ಮುಗಿಯುವವರೆಗೆ ಬಂದಿರು ಎಂದು ಬರೆದಿದ್ದೀಯ. ಮಂಡಿ ನೋವಿಗೆ ಆ ಎಣ್ಣೆ ಹಚ್ಚುತ್ತಿದ್ದೀಯೋ ಅಥವಾ ಬಾಟಲಿಯನ್ನು ನೋಡಿಯೇ ವಾಸಿಯಾಗಲಿ ಎಂದು ಕಾಯುತ್ತಿದ್ದೀಯೋ? ಇಲ್ಲಿ ಇವರು ಇದ್ದ ಹಾಗೇ ಇದ್ದಾರೆ. ಕನ್ನಡಕದ ಅಂಗಡಿಯನ್ನು ಇವರ ತಂಗಿಯ ಮಗ ನೋಡಿಕೊಳ್ಳುತ್ತಿದ್ದಾನೆ. ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾನೆ, ಅದೇ ಇವರಿಗೆ ಬೇಜಾರು.

ಬರುವುದೋ ಬಿಡುವುದೋ ಆಮೇಲೆ ಹೇಳುತ್ತೇನೆ. ಮೊದಲು ನಿನಗೊಂದು ಸುದ್ದಿ. ಹೋದ ಸಲ ಬಂದಾಗ ನೀನು ನನ್ನ ಶಾಲು ಮೂಸಿ, "ಅಕ್ಕಾ, ಭಾವ ಇನ್ನೂ ಕದ್ದು ಸೇದ್ತಾರಾ?" ಎಂದು ಪಿಸುಗುಟ್ಟಿದ್ದೆಯಲ್ಲ, ನಾನು ಮಾತು ಮರೆಸಿದ್ದೆ. ಸೇದುವುದು ಅವರಲ್ಲ ಕಣೇ. ನಾನು.

ನಕ್ಕು ಮುಗಿಸು, ಕಾಯುತ್ತೇನೆ.

ಭಾನುವಾರದ ಸಿಗಾರು ಇವರಿಗೆ ಎಂಥದ್ದೆಂದು ನಿನಗೆ ಗೊತ್ತು. ವಾರವೆಲ್ಲ ಒಂದು ಬೀಡಿಯನ್ನೂ ಮುಟ್ಟದ ಮನುಷ್ಯ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ಒಂದೇ ಒಂದು. ನಾನದನ್ನು ಚುಟ್ಟಾ ಎಂದರೆ ಮುಖ ಊದಿಸಿಕೊಳ್ಳುತ್ತಿದ್ದರು. ಇಷ್ಟು ವರ್ಷ ಆ ಬಾಲ್ಕನಿಗೆ ನಾನು ಹೋಗಿದ್ದರೆ ಅದು ಬಟ್ಟೆ ಒಣಹಾಕಲು ಮಾತ್ರ. ಡಾಕ್ಟರು ಶ್ವಾಸಕೋಶದ ಚಿತ್ರವನ್ನು ಬೆಳಕಿಗೆ ಹಿಡಿದು "ಇನ್ನು ಹೊಗೆಯ ವಾಸನೆಯೂ ಕೂಡದು" ಎಂದ ದಿನ ಇವರು ಮನೆಗೆ ಬಂದು ಸಿಗಾರಿನ ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ಕೂತಿದ್ದರು. ಆಮೇಲೆ ತಲೆ ಎತ್ತಿ, "ನೀನು ಸೇದು. ಹೇಗಿದೆ ಅಂತ ನನಗೆ ಹೇಳು, ಸಾಕು" ಅಂದರು.

ಹಾಗೆ ಶುರುವಾಯಿತು. ನಾನು ಹೊರಗೆ ಬಾಲ್ಕನಿಯಲ್ಲಿ, ಇವರು ಒಳಗೆ ಮೂಗಿಗೆ ನಳಿಕೆ ಹಾಕಿಕೊಂಡು ಗಾಲಿಕುರ್ಚಿಯಲ್ಲಿ, ನಡುವೆ ಮುಚ್ಚಿದ ಗಾಜಿನ ಬಾಗಿಲು. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಕೂತು ಗಂಡ ನನಗೆ ಫೋನ್ ಮಾಡುತ್ತಾರೆ. "ತುದಿ ಕತ್ತರಿಸಿದ್ಯಾ? ಅಷ್ಟೊಂದಲ್ಲ. ತಿರುಗಿಸ್ತಾ ಹಚ್ಚು. ಹೊಗೆ ನುಂಗಬೇಡ, ಬಾಯಲ್ಲಿಟ್ಕೊಂಡು ಬಿಡು. ಬೂದಿ ಕೊಡವಬೇಡ ಕಣೇ, ತಾನಾಗಿ ಬೀಳಲಿ!" ಮೊದಲ ಭಾನುವಾರ ನಾನು ಕೆಮ್ಮಿದ ಕೆಮ್ಮಿಗೆ ಕೆಳಗಿನ ಬಸ್ ನಿಲ್ದಾಣದ ಜನವೆಲ್ಲ ಕತ್ತು ಮೇಲೆತ್ತಿ ನೋಡಿದರು. ಇವರು ಗಾಜಿನ ಆಚೆ ನಕ್ಕರು ಗುಬ್ಬಿ. ಕಾಯಿಲೆ ಬಿದ್ದ ಮೇಲೆ ನಕ್ಕಿದ್ದು ಅದೇ ಮೊದಲು. ಆ ನಗುವಿಗಾಗಿ ನಾನು ಒಲೆಯ ಹೊಗೆಯನ್ನಾದರೂ ಕುಡಿಯುತ್ತಿದ್ದೆ.

ಆದರೆ ಮುಂದಿನ ವಾರಗಳಲ್ಲಿ ನಗು ಹೋಗಿ ಪರೀಕ್ಷೆ ಬಂತು. ಅಂಗಡಿಯಲ್ಲಿ ಇವರು ಕಣ್ಣು ಪರೀಕ್ಷೆ ಮಾಡುವುದನ್ನು ನೀನು ನೋಡಿದ್ದೀಯಲ್ಲ. ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, "ಇದು ಚೆನ್ನಾಗಿದೆಯಾ, ಇದಾ?" ಎಂದು ಕೇಳುತ್ತಿದ್ದರು. ಗಿರಾಕಿ ತಡವರಿಸಿದರೆ, "ಹೆದರಬೇಡಿ, ಇದರಲ್ಲಿ ತಪ್ಪು ಉತ್ತರ ಇಲ್ಲ. ಕಣ್ಣು ನಿಮ್ಮದು" ಅನ್ನುತ್ತಿದ್ದರು. ನಾನು ಗಲ್ಲಾದ ಹಿಂದೆ ಕೂತು ಆ ಮಾತನ್ನು ಅದೆಷ್ಟು ಸಲ ಕೇಳಿದ್ದೇನೋ. ಈಗ ಚುಟ್ಟಾಗಳಿಗೂ ಅದೇ ಕ್ರಮ. ಹೋದ ವಾರದ್ದಾ, ಈ ವಾರದ್ದಾ? ಕಪ್ಪು ಎಲೆ ಸುತ್ತಿದ್ದಾ, ಕಂದು ಎಲೆಯದ್ದಾ? ಅತ್ಯುತ್ತಮವಾದ ಮೂರನ್ನು ಆರಿಸಬೇಕಂತೆ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ತಪ್ಪು ಉತ್ತರ ಇದೆ.

"ಒದ್ದೆ ಮಣ್ಣಿನ ಹಾಗಿದೆ ಕಣ್ರೀ" ಅಂದೆ ಒಮ್ಮೆ, ಅವರ ಮೆಚ್ಚಿನ ಕಪ್ಪೆಲೆಯದನ್ನು ಸೇದುತ್ತಾ.

"ಮಣ್ಣಲ್ಲ. ಮೆಣಸು. ಹುರಿದ ಕಾಫಿಬೀಜ. ಇನ್ನೊಂದ್ಸಲ ಎಳಿ."

ಎಳೆದೆ. ಮಣ್ಣೇ.

"ಹೌದು ಕಣ್ರೀ, ಮೆಣಸು" ಅಂದೆ. ಅವರು ಕಣ್ಣು ಮುಚ್ಚಿಕೊಂಡು ಆ ಮೆಣಸನ್ನು ಚಪ್ಪರಿಸಿದರು. ಅಂದಿನಿಂದ ನನ್ನ ಬಾಯಿ ನನ್ನದಾಗಿ ಉಳಿಯಲಿಲ್ಲ. ಅವರು ಏನು ಕೇಳಲು ಕಾಯುತ್ತಿದ್ದಾರೋ ಅದನ್ನು ಹೇಳುತ್ತಾ ಬಂದೆ. ಭಾನುವಾರ ಹತ್ತಿರವಾದಂತೆ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತಿತ್ತು. ಬೇರೆ ದಿನಗಳಲ್ಲಿ ಅವರಿಗೆ ಔಷಧಿ, ಸೂಪು, ಮಗ್ಗುಲು ಬದಲಿಸುವುದು, ಯಂತ್ರಕ್ಕೆ ನೀರು. ಭಾನುವಾರ ಅವರ ನಾಲಿಗೆಯಾಗಿ ದುಡಿಯುವುದು. ನನ್ನ ಮೈಯಲ್ಲಿ ಇನ್ನೇನು ಉಳಿದಿದೆ ಹೇಳು ಎರವಲು ಕೊಡಲು.

ಇವರ ಪೆಟ್ಟಿಗೆ ಖಾಲಿಯಾಗುತ್ತಾ ಬಂದಾಗ ತರಲು ನಾನೇ ಹೋದೆ. ಬ್ಯಾಂಕಿನ ಹಿಂದಿನ ಓಣಿಯಲ್ಲಿ ಕಿರಿದಾದ ಅಂಗಡಿ, ಒಳಗೆ ಕಾಲಿಟ್ಟರೆ ಒಣಹುಲ್ಲಿನ ವಾಸನೆ. ಅಂಗಡಿಯವನು ನಮ್ಮ ವಯಸ್ಸಿನವನೇ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ. ಇವರು ಹೇಳಿದ ಕಪ್ಪೆಲೆಯದನ್ನು ಕಟ್ಟಿಕೊಡುತ್ತಾ, "ಸಾಹೇಬರಿಗೆ ಇದಾಯ್ತು. ನಿಮಗೆ ಯಾವುದು ಇಷ್ಟ ಅಮ್ಮಾ?" ಎಂದ. ನನ್ನ ಬೆರಳ ತುದಿಯ ಕಲೆ ನೋಡಿದ್ದನೇನೋ. ನನಗೆ ಇಷ್ಟವಾದದ್ದು ಯಾವುದೆಂದು ಯಾರಾದರೂ ಕೇಳಿ, ಉತ್ತರಕ್ಕಾಗಿ ಕಾದು ನಿಂತು ಎಷ್ಟು ಕಾಲವಾಗಿತ್ತೋ. "ಖಾರ ಇಲ್ಲದ್ದು" ಅಂದೆ ಕೊನೆಗೆ. ಅವನು ತೆಳ್ಳಗಿನ, ಜೇನಿನ ಬಣ್ಣದ ಎಲೆ ಸುತ್ತಿದ ಒಂದನ್ನು ತೆಗೆದುಕೊಟ್ಟ. "ಸೋವಿದು ಅಂತ ತಿಳೀಬೇಡಿ. ನಿಧಾನಕ್ಕೆ ಸೇದಿ."

ಇವರಿಗೆ ತೋರಿಸಿದೆ. ಮೂಸಿ ನೋಡಲೂ ಇಲ್ಲ. "ಇದು ಸಿಗಾರಲ್ಲ, ಸಕ್ಕರೆ ಮಿಠಾಯಿ. ಎಸಿ" ಅಂದರು.

ಎಸೆಯಲಿಲ್ಲ. ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟೆ. ಒಂದು ಮಧ್ಯಾಹ್ನ ಇವರು ಸೂಪು ಕುಡಿದು ಮಲಗಿದ ಮೇಲೆ ಬೆಕ್ಕಿನ ಹೆಜ್ಜೆಯಲ್ಲಿ ಬಾಲ್ಕನಿಗೆ ಹೋಗಿ ಹಚ್ಚಿದೆ. ಬ್ರೆಡ್ಡಿನ ಅಂಚು ಕೆಂಪಗಾಗುವಾಗ ಬರುತ್ತದಲ್ಲ, ಆ ರುಚಿ. ಮಧ್ಯೆ ಮಧ್ಯೆ ಎಲ್ಲೋ ಸಣ್ಣಗೆ ಸಿಹಿ. ಯಾರಿಗೂ ಹೇಳಬೇಕಾಗಿರಲಿಲ್ಲ. ಬಸ್ಸುಗಳು ಬಂದವು, ಹೋದವು. ಯಾರೋ ಹೆಂಗಸು ಮಗುವಿಗೆ ಬೈಯುತ್ತಾ ರಸ್ತೆ ದಾಟಿದಳು. ನಾನು ಬೂದಿಯನ್ನು ಬೇಕೆಂದೇ ಕೊಡವಿದೆ. ನಿನ್ನಾಣೆ, ಮದುವೆಯಾದ ಮೇಲೆ ನಾನೊಬ್ಬಳೇ ನನ್ನ ಪಾಡಿಗೆ ಕೂತ ಮೊದಲ ಹೊತ್ತು ಅದೇ ಇರಬೇಕು. ಆಮೇಲೆ ಅದೇ ಅಭ್ಯಾಸವಾಯಿತು ಎಂದುಕೊಳ್ಳಬೇಡ. ಹದಿನೈದು ದಿನಕ್ಕೋ ಇಪ್ಪತ್ತಕ್ಕೋ ಒಂದು ತಂದು ಸೇದುತ್ತಿದ್ದೆ. ಅದೊಂದು ಇದೆ ಎನ್ನುವ ನೆನಪಿನಲ್ಲೇ ಉಳಿದ ದಿನಗಳು ದಾಟುತ್ತಿದ್ದವು.

ಮೊನ್ನೆ ಬುಧವಾರ ಸಿಕ್ಕಿಬಿದ್ದೆ.

ಅರ್ಧ ಸೇದಿದ್ದೆ. ಬೆನ್ನ ಹಿಂದೆ ಏನೋ ಅಲುಗಾಡಿದಂತಾಗಿ ತಿರುಗಿದರೆ ಇವರು ಗಾಜಿಗೆ ಆತುಕೊಂಡು ನಿಂತಿದ್ದಾರೆ. ನಿಂತಿದ್ದಾರೆ ಗುಬ್ಬಿ! ಯಾರೂ ಹಿಡಿಯದೆ ಹಾಸಿಗೆಯಿಂದ ಇಳಿಯದ ಮನುಷ್ಯ, ನಳಿಕೆ ಎಳೆದುಕೊಂಡು ಅಲ್ಲಿಯವರೆಗೆ ನಡೆದು ಬಂದಿದ್ದರು. ಬೈಯಲಿಲ್ಲ. ನನ್ನ ಕೈಯಲ್ಲಿದ್ದ ಜೇನು ಬಣ್ಣದ್ದನ್ನೇ ನೋಡಿದರು. ಆಮೇಲೆ ಒಳಗಿನ ಚಿಲಕ ಹಾಕಿ, ಜೇಬಿನಿಂದ ಫೋನ್ ತೆಗೆದರು. ನನ್ನ ಫೋನ್ ಬಡಿದುಕೊಂಡಿತು.

"ಹೇಗಿದೆ?"

"ಬಾಗಿಲು ತೆಗೀರಿ."

"ನನ್ನ ಬಿಟ್ಟು ಸೇದ್ತಿದೀಯಲ್ಲ, ಅದು ಹೇಗಿದೆ ಅಂತ ಕೇಳಿದೆ."

ಸುಳ್ಳು ಹೇಳಿ ಹೇಳಿ ಸಾಕಾಗಿತ್ತೋ ಏನೋ, "ಚೆನ್ನಾಗಿದೆ ಕಣ್ರೀ. ತುಂಬಾ ಚೆನ್ನಾಗಿದೆ" ಅಂದುಬಿಟ್ಟೆ.

"ಹಾಗಾದ್ರೆ ಅಲ್ಲೇ ಇರು."

ಫೋನ್ ಕಟ್ ಮಾಡಿ ತಿರುಗಿದರು. ತಿರುಗುವಾಗ ನಳಿಕೆ ಕುರ್ಚಿಯ ಗಾಲಿಗೆ ಸಿಕ್ಕಿ ಮೂಗಿನಿಂದ ಕಿತ್ತುಬಂತು. ಅದನ್ನು ಹಿಡಿಯಲು ಬಗ್ಗಿದವರು ಹಾಗೇ ನೆಲಕ್ಕೆ ಕುಸಿದು ಕೂತರು. ನಳಿಕೆ ಅವರ ಕೈಗೆ ಎಟುಕದ ಕಡೆ ಬಿದ್ದಿತ್ತು. ಬಾಯಿ ತೆರೆದು ಉಸಿರು ಎಳೆಯುತ್ತಿದ್ದರು, ಅದರ ಸದ್ದು ಗಾಜಿನ ಈಚೆಗೆ ಕೇಳಿಸುತ್ತಿರಲಿಲ್ಲ. ನಾನು ಗಾಜು ಬಡಿದೆ, ಕೂಗಿದೆ. ಆ ಬಾಗಿಲು ಒಡೆಯುವಂಥದ್ದಲ್ಲ, ಬಾಲ್ಕನಿಯಿಂದ ಇಳಿಯಲು ನಾನೇನು ಕೋತಿಯೇ? ನರ್ಸಮ್ಮನಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಪಕ್ಕದ ಬೀದಿಯಲ್ಲೇ ಇನ್ನೊಬ್ಬ ರೋಗಿಯ ಮನೆಯಲ್ಲಿದ್ದಳು, ನಮ್ಮ ಮುಂಬಾಗಿಲಿನ ಕೀ ಅವಳ ಹತ್ತಿರ ಇತ್ತು. ಎದ್ದೆನೋ ಬಿದ್ದೆನೋ ಎಂದು ಓಡಿಬಂದು, ನಳಿಕೆ ಸಿಕ್ಕಿಸಿ, ಬೆನ್ನು ನೀವಿ, ಇವರ ತುಟಿಗೆ ಬಣ್ಣ ಬಂದ ಮೇಲೆ ನನಗೆ ಚಿಲಕ ತೆಗೆದಳು.

"ಏನಮ್ಮಾ ಇದು, ನೀವಿಬ್ರೂ ಚಿಕ್ಕ ಮಕ್ಕಳಾ?" ಎಂದು ಗದರಿದಳು. ಇವರು ಉಸಿರು ಕೂಡಿಸಿಕೊಂಡು, "ನಂದೇ ತಪ್ಪು. ಗಾಳಿ ಬರುತ್ತೆ ಅಂತ ಚಿಲಕ ಹಾಕ್ದೆ, ಅವಳು ಹೊರಗಿರೋದು ಗೊತ್ತಾಗ್ಲಿಲ್ಲ" ಅಂದರು. ನಾನೂ ತಲೆಯಾಡಿಸಿದೆ.

ಅದೇನು ಹೊಳೆಯಿತೋ, ನಿನ್ನೆ ಬೆಳಿಗ್ಗೆ ನನ್ನನ್ನು ಹತ್ತಿರ ಕರೆದು, "ಇನ್ಮೇಲೆ ನಿನಗೆ ಯಾವುದು ಇಷ್ಟಾನೋ ಅದನ್ನೇ ಸೇದು. ಯಾವಾಗ ಬೇಕಾದ್ರೂ ಸೇದು. ನನಗೇನೂ ಹೇಳಬೇಕಾಗಿಲ್ಲ" ಅಂದರು. ಜಪ್ಪಯ್ಯ ಅಂದರೂ ಸೋಲೊಪ್ಪದ ಜೀವ, ನೋಡು ಹೇಗೆ ಮೆತ್ತಗಾಗಿದೆ. ನೀನು ಯಾವಾಗಲೂ ಭಾವನದು ಕಲ್ಲುಮನಸ್ಸು ಅನ್ನುತ್ತಿದ್ದೆಯಲ್ಲ, ಇದನ್ನು ಬರೆದಿಟ್ಟುಕೋ.

ಇಷ್ಟೆಲ್ಲ ಆದ ಮೇಲೆ ನಾನು ಬರುವುದು ಹೇಗೆ ಹೇಳು. ನರ್ಸಮ್ಮ ಹಗಲು ಪೂರ್ತಿ ಇರುತ್ತೇನೆ ಎನ್ನುತ್ತಾಳೆ, ತಂಗಿಯ ಮಗ ರಾತ್ರಿ ಬಂದು ಮಲಗುತ್ತೇನೆ ಎನ್ನುತ್ತಾನೆ. ಎಲ್ಲ ಸರಿಯೇ. ಆದರೂ ಈ ಚಳಿಗಾಲ ಬೇಡ. ಆ ಕೋಣೆಗೆ ಬೇರೆ ಯಾರನ್ನಾದರೂ ಬಾಡಿಗೆಗೆ ಇಟ್ಟುಕೋ, ಸುಮ್ಮನೆ ಖಾಲಿ ಬಿಡಬೇಡ. ಕೋಪ ಮಾಡಿಕೊಳ್ಳಬೇಡ. ಕೋಪ ಮಾಡಿಕೊಂಡರೂ ಬರೆಯುವುದು ನಿಲ್ಲಿಸಬೇಡ.

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ಮಂಡಿಗೆ ಎಣ್ಣೆ ಹಚ್ಚಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹೊಸ ಮನೆಯಲ್ಲಿ ನಿನಗೆ ಸುಖನಿದ್ದೆ ಬರಲಿ, ಕಿಟಕಿಯ ಮರ ನಿನ್ನ ಕಣ್ಣಿಗೆ ಸದಾ ಹಸುರಾಗಿರಲಿ ಎಂದು ಹರಸುವ

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನಳಿಕೆ ಕಿತ್ತುಬಂದಿದ್ದನ್ನು ಕಂಡ ಕೂಡಲೇ ನಾನು ಗಾಜು ಬಡಿಯಲಿಲ್ಲ ಗುಬ್ಬಿ. ಒಂದು ಕೈಯಲ್ಲಿ ಫೋನಿತ್ತು, ಇನ್ನೊಂದರಲ್ಲಿ ಚುಟ್ಟಾ. ಚುಟ್ಟಾ ಇದ್ದ ಕೈಯನ್ನು ಎತ್ತಿದೆ. ಒಂದೇ ಸಲ, ನಿಧಾನವಾಗಿ ಎಳೆದು, ಬಾಯಿ ತುಂಬ ಇಟ್ಟುಕೊಂಡು, ಬಿಟ್ಟೆ. ಇಷ್ಟು ದಿನ ಸೇದಿದ್ದರಲ್ಲಿ ಅಷ್ಟು ರುಚಿ ಯಾವುದಕ್ಕೂ ಇರಲಿಲ್ಲ. ಬಡಿದಿದ್ದು, ಕೂಗಿದ್ದು, ಫೋನ್ ಮಾಡಿದ್ದು ಎಲ್ಲ ಆಮೇಲೆ. ಗಾಜಿನ ಆಚೆ ನೆಲದ ಮೇಲೆ ಕೂತು ಇವರು ಅಷ್ಟನ್ನೂ ನೋಡಿದರು. ಅದರ ಬಗ್ಗೆ ಇದುವರೆಗೆ ತುಟಿ ಪಿಟಕ್ಕೆಂದಿಲ್ಲ. "ಯಾವಾಗ ಬೇಕಾದ್ರೂ ಸೇದು" ಎಂದಾಗ ನನ್ನ ಕೈ ಹಿಡಿದುಕೊಂಡಿದ್ದರು, ಮಾತು ಮುಗಿದ ಮೇಲೂ ಬಿಡಲಿಲ್ಲ. ಈಗ ಹೇಳು, ಆ ಕೈ ಬಿಡಿಸಿಕೊಂಡು ನಾನು ಹೇಗೆ ಬರಲಿ?