ಹಾಡು ನಿಲ್ಲಿಸುವವನು

ಎಮೆರಿಕ್,

ನಿನ್ನನ್ನು ಮಣ್ಣು ಮಾಡಿ ಬಂದ ಮೇಲಿನ ಮೊದಲ ಸಂಜೆಯ ಪ್ರಾರ್ಥನೆ ಇವತ್ತು ನಮ್ಮ ಮಠದಲ್ಲಿ ನಡೆಯಿತು. ನಿಮ್ಮ ಕ್ಯಾಥೊಲಿಕರು, ನಮ್ಮ ಪ್ರಾಟೆಸ್ಟೆಂಟರು, ರುಮೇನಿಯದಿಂದ ಬಂದ ಆರ್ಥೊಡಾಕ್ಸ್ ಹುಡುಗಿಯರು, ಎಲ್ಲರೂ ಎಂದಿನಂತೆ ನೆಲದ ಮೇಲೆ ಕೂತಿದ್ದರು. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುವ ನಮ್ಮ ಹಾಡಿಗೆ ತನ್ನದೇ ಆದ ಕೊನೆಯಿಲ್ಲವಲ್ಲ. 'ಆಮೆನ್' ಎಂದು ಎಳೆದು ಅದನ್ನು ನಿಲ್ಲಿಸುತ್ತಿದ್ದವನು ನೀನು. ಆ ಕೆಲಸ ಈಗ ನನ್ನ ಪಾಲಿಗೆ ಬಂದಿದೆ.

ನಾನು ನಿಲ್ಲಿಸಲಿಲ್ಲ. ಹಾಡು ದ್ರಾಕ್ಷಿತೋಟದ ಮಂಜಿನಂತೆ ತನ್ನಷ್ಟಕ್ಕೆ ಏಳುತ್ತಾ ಇಳಿಯುತ್ತಾ ಇತ್ತು. ಮೇಣದಬತ್ತಿಗಳು ಗಿಡ್ಡವಾದವು. ಕೊನೆಗೆ ಹಾಲಿನಂಗಡಿಯ ಒಡೆಟ್ ಅಜ್ಜಿ ಹಿಂದಿನಿಂದ ನನ್ನ ಬಿಳಿ ನಿಲುವಂಗಿ ಜಗ್ಗಿ ಪಿಸುಗುಟ್ಟಿದಳು: "ನಿಲ್ಸಪ್ಪಾ ಯೋಸ್ಟ್, ಒಲೆ ಮೇಲೆ ಸೂಪಿಟ್ಟು ಬಂದಿದೀನಿ."

ಆಮೆನ್ ಅಂದೆ.

ಹೊರಗೆ ಬಂದ ಮೇಲೂ ಅವಳು ಬಿಡಲಿಲ್ಲ. "ಎಮೆರಿಕ್ ಇದ್ದಿದ್ರೆ ಇಷ್ಟೊತ್ತಿಗೆ ನನ್ನ ಊಟ ಮುಗಿದಿರೋದು. ನಿಂಗೇನಾಗಿತ್ತು?"

"ಮರೆತೇಹೋಯ್ತು ಅಜ್ಜಿ," ಅಂದೆ.

ಹಾಡು ನಿಂತ ಮೇಲೆ ಬರುವ ಮೌನದಲ್ಲಿ ನೀನು ದಿನವೂ ಕೆಮ್ಮುತ್ತಿದ್ದೆ. ನಾನು ದಿನವೂ ತಿರುಗಿ ದುರುಗುಟ್ಟುತ್ತಿದ್ದೆ. ಇವತ್ತು ಯಾರೂ ಕೆಮ್ಮಲಿಲ್ಲ.

ಆದರೂ ತಿರುಗಿ ನೋಡಿದೆ.